ಬೆಳೆ ವಿಮೆ: ನಷ್ಟ ಅಳೆಯುವವರು ಹೊಲದಲ್ಲಿ ಏನನ್ನು ನೋಡುತ್ತಾರೆ?



'ಮಳೆ ಬಂದು ಕೇಡಲ್ಲ, ಮಗ ಉಂಡು ಕೇಡಲ್ಲ' ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಬಿತ್ತನೆಗಾಗಿ ಮುಗಿಲು ನೋಡುವ ರೋಹಿಣಿ, ಮೃಗಶಿರಾ ದಿನಗಳಲ್ಲಿ ಈ ಮಾತು ಸತ್ಯ. ಆದರೆ ಕೊಯ್ದ ಬೆಳೆ ಹೊಲದಲ್ಲಿ ಹಾಸಿರುವಾಗ ಚಿತ್ತಾ, ಸ್ವಾತಿ ಮಳೆ ಹಿಡಿದರೆ ಅದೇ ಮಳೆ ವರ್ಷದ ದುಡಿಮೆಯನ್ನು ಎರಡು ದಿನದಲ್ಲಿ ಕೆಡಿಸಿಬಿಡುತ್ತದೆ. ಅಂಥ ಹೊತ್ತಿಗೆ ಆಸರೆಯಾಗಲೆಂದೇ ಬೆಳೆ ವಿಮೆ ಇದೆ. ವಿಮೆಯ ಕಂತು ಕಟ್ಟುವುದು ಹೇಗೆಂದು ಈಗ ಬಹಳ ಮಂದಿಗೆ ಗೊತ್ತು. ಬೆಳೆ ಹಾಳಾದಾಗ ಆ ನಷ್ಟವನ್ನು ಯಾರು, ಹೇಗೆ ಅಳೆಯುತ್ತಾರೆ ಎಂಬುದು ಮಾತ್ರ ಇನ್ನೂ ಅನೇಕರಿಗೆ ತಿಳಿಯದು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಾಗಳದ ಎರಡು ಹೊಲಗಳು

ವಿಜಯನಗರ ಜಿಲ್ಲೆ ಹೂವಿನ ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿ ಇದು. ಅಕ್ಟೋಬರ್ ತಿಂಗಳ ಕೊನೆಯ ವಾರ. ಅಣ್ಣ ತಮ್ಮಂದಿರಿಬ್ಬರು, ಪಾಲಾದ ಹೊಲಗಳು ಒಂದೇ ಬದುವಿನ ಆಚೆ ಈಚೆ. ಇಬ್ಬರದೂ ಮೆಕ್ಕೆಜೋಳ, ಇಬ್ಬರೂ ವಿಮೆ ಮಾಡಿಸಿದ್ದರು. ಕೊಯ್ದ ಬೆಳೆಯನ್ನು ಇಬ್ಬರೂ ಹೊಲದಲ್ಲೇ ಹಾಸಿ ಒಣಗಲು ಬಿಟ್ಟಿದ್ದರು. ಎರಡು ದಿನ ಬಿಡದೆ ಮಳೆ ಸುರಿಯಿತು.

ಅಣ್ಣ ಮಳೆ ನಿಂತ ದಿನವೇ ಫೋನು ಮಾಡಿ ನಷ್ಟವಾದ ವಿಷಯ ತಿಳಿಸಿದ, ಬೆಳೆಯನ್ನು ಹೊಲದಲ್ಲೇ ತಿರುವಿ ಹಾಕುತ್ತ ಕಾದ. ತಮ್ಮನಿಗೆ ಕಾಯುವ ವ್ಯವಧಾನ ಇರಲಿಲ್ಲ. ಆಳು ಹಚ್ಚಿ ಒದ್ದೆ ತೆನೆಯನ್ನೆಲ್ಲ ಕಣಕ್ಕೆ ಸಾಗಿಸಿ ರಾಶಿ ಮಾಡಿದ. ರಾಶಿಯೊಳಗೆ ಕಾವೇರಿ ಬೂಷ್ಟು ಹಿಡಿಯಿತು, ಕಾಳು ಮೊಳಕೆಯೊಡೆಯಿತು. ಅಷ್ಟರಲ್ಲಿ ಕಡಲೆ ಬಿತ್ತನೆಗೆಂದು ಟ್ರ್ಯಾಕ್ಟರ್ ಹೊಡೆಸಿ ಹೊಲವನ್ನೂ ಹಸನು ಮಾಡಿದ. ನಾಲ್ಕನೆಯ ದಿನ ಕಛೇರಿಗೆ ಹೋಗಿ ಅರ್ಜಿ ಕೊಟ್ಟ.

ಆರನೆಯ ದಿನ ನಷ್ಟ ಮೌಲ್ಯಮಾಪಕರು ಬಂದರು. ಪ್ರಾತ್ಯಕ್ಷಿಕೆಯ ಕೆಲಸಕ್ಕೆ ಆ ಊರಿಗೆ ಹೋಗಿದ್ದ ನಾನೂ ಅವರ ಜೊತೆಗಿದ್ದೆ. ಅಣ್ಣನ ಹೊಲದಲ್ಲಿ ಅವರು ಒಂದು ತಾಸು ತಿರುಗಾಡಿ ತೆನೆ ಬಿಡಿಸಿ ನೋಡಿ ಬರೆದುಕೊಂಡರು. ಆಮೇಲೆ ಬದು ದಾಟಿ ತಮ್ಮನನ್ನು ಕೇಳಿದರು:

"ನಿಮ್ಮ ಬೆಳೆ ಎಲ್ಲಿದೆ?"

"ಕಣದಾಗ ಐತ್ರೀ ಸಾಹೇಬ್ರ. ನಂದೂ ಅದೇ ಮಳಿ, ಅದೇ ಬೆಳಿ ಅಲ್ರೀ?"

"ಮಳೆ ಬಂದದ್ದು ಸುಳ್ಳಲ್ಲ. ಆದರೆ ಹೊಲದಲ್ಲಿ ನಾನು ಕಂಡದ್ದನ್ನು ಬರೆಯಬಹುದು, ಕೇಳಿದ್ದನ್ನು ಬರೆಯಲಾಗದು" ಎಂದರು ಅವರು.

ಅಣ್ಣನಿಗೆ ಪರಿಹಾರ ಬಂತು, ತಮ್ಮನಿಗೆ ಬರಲಿಲ್ಲ. ಹಿಂಗಾರಿಯ ಬೀಜ ಗೊಬ್ಬರಕ್ಕೆ ಅವನು ಕೈಸಾಲ ಮಾಡಬೇಕಾಯಿತು. ನನ್ನ ಮನಸ್ಸಿಗೆ ಚುಚ್ಚಿದ ಸಂಗತಿ ಬೇರೆ ಇದೆ. ಒದ್ದೆಯಾದ ತೆನೆಯನ್ನು ತಡಮಾಡದೆ ಹೊಲದಿಂದ ಸಾಗಿಸಿರಿ ಎಂದು ಆ ಊರಿನ ತರಬೇತಿಯಲ್ಲಿ ಹೇಳಿದವನು ನಾನೇ. ಬೇಸಾಯದ ದೃಷ್ಟಿಯಿಂದ ಆ ಸಲಹೆ ತಪ್ಪಲ್ಲ. ಆದರೆ ವಿಮೆ ಮಾಡಿಸಿದ ರೈತನಿಗೆ ಅದು ಅರ್ಧ ಸಲಹೆ. ಉಳಿದರ್ಧವನ್ನು ಇಲ್ಲಿ ಹೇಳುತ್ತಿದ್ದೇನೆ.

ಮಳೆ ಒಂದೇ, ಲೆಕ್ಕ ಮೂರು

2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಷ್ಟದ ಲೆಕ್ಕ ಬೆಳೆ ಎಲ್ಲಿದೆ, ಯಾವ ಹಂತದಲ್ಲಿದೆ ಎಂಬುದನ್ನು ಅವಲಂಬಿಸಿದೆ.

1. ಬೆಳೆ ಹೊಲದಲ್ಲಿ ನಿಂತಿರುವಾಗ ಬರ, ಕೀಟ, ರೋಗ ಮುಂತಾದ ವ್ಯಾಪಕ ಕಾರಣಗಳಿಂದ ಇಳುವರಿ ಕುಂದಿದರೆ ಒಬ್ಬೊಬ್ಬರ ಹೊಲವನ್ನು ನೋಡುವುದಿಲ್ಲ. ಇಡೀ ವಿಮಾ ಘಟಕದ, ಅಂದರೆ ಬೆಳೆಗೆ ತಕ್ಕಂತೆ ಗ್ರಾಮ ಪಂಚಾಯಿತಿಯ ಅಥವಾ ಹೋಬಳಿಯ, ಸರಾಸರಿ ಇಳುವರಿಯ ಮೇಲೆ ಪರಿಹಾರ ನಿಂತಿದೆ.

2. ನಿಂತ ಬೆಳೆಗೆ ಆಲಿಕಲ್ಲು ಮಳೆ, ಭೂಕುಸಿತ, ಜಲಾವೃತ, ಮೇಘಸ್ಫೋಟ ಅಥವಾ ಸಿಡಿಲಿನ ಬೆಂಕಿಯಿಂದ ಹಾನಿಯಾದರೆ ಅದು 'ಸ್ಥಳೀಯ ವಿಕೋಪ'. ಆಗ ಒಬ್ಬೊಬ್ಬ ರೈತರ ಹೊಲವನ್ನೂ ಪರೀಕ್ಷಿಸಲಾಗುತ್ತದೆ. ಭತ್ತದಂಥ ನೀರಿನ ಬೆಳೆಗಳಿಗೆ ಜಲಾವೃತದ ನಿಯಮ ಕಾಲಕಾಲಕ್ಕೆ ಬದಲಾಗಿದೆ. ಹೊಳೆದಂಡೆಯ ಭತ್ತದ ಬೆಳೆಗಾರರು ಆಯಾ ಹಂಗಾಮಿನ ಅಧಿಸೂಚನೆಯನ್ನು ತಪ್ಪದೆ ಕೇಳಿ ತಿಳಿಯಬೇಕು.

3. ಕೊಯ್ದು ಹೊಲದಲ್ಲೇ ಹಾಸಿದ ಅಥವಾ ಸಣ್ಣ ಸಿವುಡು ಕಟ್ಟಿ ಒಣಗಲು ಬಿಟ್ಟ ಬೆಳೆಗೆ, ಕೊಯ್ಲಾದ 14 ದಿನಗಳವರೆಗೆ, ಆಲಿಕಲ್ಲು, ಚಂಡಮಾರುತ ಹಾಗೂ ಅಕಾಲಿಕ ಮಳೆಯ ಹಾನಿಗೆ ರಕ್ಷಣೆ ಇದೆ. ಇಲ್ಲಿಯೂ ಹೊಲಹೊಲವನ್ನೇ ನೋಡುತ್ತಾರೆ. ಆದರೆ ಬೆಳೆ ಹೊಲ ಬಿಟ್ಟು ಕಣ ಸೇರಿ ರಾಶಿಯಾಯಿತೆಂದರೆ ಈ ರಕ್ಷಣೆ ಅಲ್ಲಿಗೆ ಮುಗಿಯಿತು.

ತಮ್ಮನ ಬೆಳೆ ಕಣ ಸೇರಿದಾಗ ಮೂರನೆಯ ಲೆಕ್ಕದಿಂದ ಹೊರಬಿತ್ತು. ಮೊದಲನೆಯ ಲೆಕ್ಕದಲ್ಲಾದರೂ ಏನಾದರೂ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಘಟಕದ ಬೆಳೆ ಕಟಾವು ಪ್ರಯೋಗಗಳು ಮಳೆಗೆ ಮೊದಲೇ ಮುಗಿದು ಇಳುವರಿ ಚೆನ್ನಾಗಿ ಬಂದಿತ್ತು. ಆದ್ದರಿಂದ ಅಲ್ಲಿಯೂ ಏನೂ ದೊರೆಯಲಿಲ್ಲ.

ಒಬ್ಬರ ಹೊಲ ಬಿಟ್ಟು ಊರಿನ ಸರಾಸರಿ ಏಕೆ?

'ನನ್ನ ಹೊಲದಲ್ಲಿ ನಷ್ಟವಾದರೆ ಊರಿನ ಸರಾಸರಿ ಏಕೆ ನೋಡಬೇಕು?' ಎಂಬುದು ಎಲ್ಲ ಸಭೆಗಳಲ್ಲೂ ಕೇಳಿಬರುವ ಪ್ರಶ್ನೆ. ಇದಕ್ಕೆ ಉತ್ತರ ಹಳೆಯ ಅನುಭವದಲ್ಲಿದೆ.

ನಮ್ಮ ದೇಶದಲ್ಲಿ ಈ ವಿಚಾರವನ್ನು ಮೊದಲು ಕ್ರಮವಾಗಿ ಯೋಚಿಸಿದ್ದು ಮೈಸೂರು ಸಂಸ್ಥಾನದಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ. 1915ರ ಸುಮಾರಿಗೆ ಜೆ. ಎಸ್. ಚಕ್ರವರ್ತಿಯವರು ರೈತರಿಗಾಗಿ ಮಳೆ ವಿಮೆಯ ಯೋಜನೆಯೊಂದನ್ನು ಮುಂದಿಟ್ಟರು. 1920ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಪ್ರತಿಯೊಬ್ಬರ ಹೊಲದ ನಷ್ಟ ಅಳೆಯುವುದು ಕಷ್ಟ, ಮಳೆಮಾಪಕದಲ್ಲಿ ದಾಖಲಾದ ಮಳೆಯ ಕೊರತೆಯನ್ನೇ ಆಧಾರ ಮಾಡಿಕೊಂಡು ಇಡೀ ಪ್ರದೇಶಕ್ಕೆ ಪರಿಹಾರ ಕೊಡಬೇಕು ಎಂಬುದು ಅವರ ವಾದದ ತಿರುಳು. ಅದು ಆಗ ಜಾರಿಗೆ ಬರಲಿಲ್ಲ.

ಮುಂದೆ 1972-73ರಲ್ಲಿ ಗುಜರಾತಿನಲ್ಲಿ ಎಚ್-4 ಹತ್ತಿಗೆ ಒಬ್ಬೊಬ್ಬ ರೈತರ ಹೊಲ ನೋಡಿ ಪರಿಹಾರ ಕೊಡುವ ವಿಮೆ ಆರಂಭವಾಯಿತು. ಅದು ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೆ, ಕೆಲವು ಬೆಳೆಗಳಿಗೆ ವಿಸ್ತರಿಸಿ 1978-79ರವರೆಗೆ ನಡೆಯಿತು. ಒಟ್ಟು 3,110 ರೈತರು ಸೇರಿದ್ದರು. ಬಂದ ಕಂತು 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ ರೂಪಾಯಿ. ಎಂಟು ಪಟ್ಟಿಗೂ ಮಿಕ್ಕಿದ ಈ ಅಂತರದಿಂದ ಯೋಜನೆ ನಿಂತಿತು. ಅನಂತರ ಪ್ರೊ. ವಿ. ಎಂ. ದಾಂಡೇಕರ್ ಅವರ ಸಲಹೆಯಂತೆ ಪ್ರದೇಶವನ್ನೇ ಘಟಕವಾಗಿ ಹಿಡಿಯುವ ಕ್ರಮ 1979ರಿಂದ ಪ್ರಯೋಗಕ್ಕೆ ಬಂತು. 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, ಈಗಿನ ಫಸಲ್ ಬಿಮಾ ಎಲ್ಲವೂ ಅದೇ ತಳಹದಿಯ ಮೇಲೆ ನಿಂತಿವೆ. ಆದರೆ ಆಲಿಕಲ್ಲು ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲವನ್ನು ಬಿಟ್ಟುಹೋಗಬಹುದು. ಅಂಥ ಹಾನಿಗಾಗಿಯೇ ಒಬ್ಬೊಬ್ಬರ ಹೊಲ ನೋಡುವ ಕ್ರಮವನ್ನೂ ಉಳಿಸಿಕೊಳ್ಳಲಾಗಿದೆ.

ಹಗ್ಗ ಮತ್ತು ತಕ್ಕಡಿಯ ಲೆಕ್ಕ

ಬೆಳೆ ಕಟಾವು ಪ್ರಯೋಗವೆಂದರೆ ಹೊಲದ ಒಂದು ತುಣುಕನ್ನು ಅಳೆದು, ಕೊಯ್ದು, ತೂಗಿ ಇಡೀ ಘಟಕದ ಇಳುವರಿಯನ್ನು ಅಂದಾಜು ಮಾಡುವುದು. ಬೆಳೆಗೆ ತಕ್ಕಂತೆ 5 ಮೀಟರ್ ಉದ್ದ 5 ಮೀಟರ್ ಅಗಲ ಅಥವಾ 10 ಮೀಟರ್ ಉದ್ದ 5 ಮೀಟರ್ ಅಗಲದ ತಾಕನ್ನು ಗುರುತಿಸುತ್ತಾರೆ. ಯಾವ ಹೊಲ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಲಾಗುತ್ತದೆ. ಹೊಲದ ನೈರುತ್ಯ ಮೂಲೆಯಿಂದ ಮೊದಲೇ ಗೊತ್ತುಮಾಡಿದ ಅಂಕಿಗಳಷ್ಟು ಹೆಜ್ಜೆ ಎಣಿಸಿ ತಾಕಿನ ಜಾಗವನ್ನೂ ನಿಗದಿ ಮಾಡಲಾಗುತ್ತದೆ. ಗ್ರಾಮ ಪಂಚಾಯಿತಿ ಘಟಕವಾದಲ್ಲಿ ಒಂದು ಬೆಳೆಗೆ ಕನಿಷ್ಠ 4 ಪ್ರಯೋಗಗಳು ನಡೆಯತಕ್ಕದ್ದು.

ಲೆಕ್ಕ ಹೇಗೆಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಒಂದು ಪಂಚಾಯಿತಿಯಲ್ಲಿ ಮೆಕ್ಕೆಜೋಳದ ಹಿಂದಿನ 7 ವರ್ಷಗಳ ಇಳುವರಿ ಹೆಕ್ಟೇರಿಗೆ 42, 24, 40, 18, 38.5, 36 ಮತ್ತು 31 ಕ್ವಿಂಟಾಲ್ ಎಂದು ಇಟ್ಟುಕೊಳ್ಳಿ. ಇವುಗಳಲ್ಲಿ ಉತ್ತಮ 5 ವರ್ಷಗಳ ಸರಾಸರಿ 37.5 ಕ್ವಿಂಟಾಲ್. ನಷ್ಟಭರ್ತಿಯ ಮಟ್ಟ ಶೇಕಡಾ 80 ಆಗಿದ್ದರೆ ಖಾತರಿ ಇಳುವರಿ 30 ಕ್ವಿಂಟಾಲ್. ಈ ವರ್ಷ ನಾಲ್ಕು ತಾಕುಗಳ ಸರಾಸರಿಯಿಂದ 24 ಕ್ವಿಂಟಾಲ್ ಬಂದರೆ ಕೊರತೆ 6 ಕ್ವಿಂಟಾಲ್, ಅಂದರೆ 30ರಲ್ಲಿ ಶೇಕಡಾ 20. ವಿಮಾ ಮೊತ್ತ ಹೆಕ್ಟೇರಿಗೆ 50,000 ರೂ. ಆಗಿದ್ದರೆ ಪರಿಹಾರ 10,000 ರೂ. ಮುಂಗಾರಿನ ಆಹಾರ ಬೆಳೆಗೆ ರೈತನ ಕಂತು ಹೆಚ್ಚೆಂದರೆ ಶೇಕಡಾ 2, ಅಂದರೆ ಇಲ್ಲಿ 1,000 ರೂ.

ಈಗ ತಕ್ಕಡಿಯ ಕಡೆ ಗಮನ ಕೊಡಿ. 50 ಚದರ ಮೀಟರ್ ತಾಕುಗಳು ಒಂದು ಹೆಕ್ಟೇರಿಗೆ 200 ಆಗುತ್ತವೆ. ತಾಕಿನಲ್ಲಿ 12 ಕಿಲೋ ಕಾಳು ಬಂದರೆ ಹೆಕ್ಟೇರಿಗೆ 24 ಕ್ವಿಂಟಾಲ್. ಒಂದೇ ತಾಕಿನಲ್ಲಿ ಒಂದೇ ಕಿಲೋ ಹೆಚ್ಚು ಬರೆದರೂ ನಾಲ್ಕು ತಾಕುಗಳ ಸರಾಸರಿ ಹೆಕ್ಟೇರಿಗೆ ಅರ್ಧ ಕ್ವಿಂಟಾಲ್ ಏರುತ್ತದೆ. ಆಗ ಪ್ರತಿ ಹೆಕ್ಟೇರಿನ ಪರಿಹಾರದಲ್ಲಿ ಸುಮಾರು 833 ರೂ. ಕಡಿಮೆಯಾಗುತ್ತದೆ. ಘಟಕದಲ್ಲಿ 500 ಹೆಕ್ಟೇರ್ ವಿಮೆಯಾಗಿದ್ದರೆ ಊರಿಗೆ ಒಟ್ಟು 4 ಲಕ್ಷ ರೂ.ಗೂ ಮೀರಿ ನಷ್ಟ. ಒಂದು ಕಿಲೋ ತೂಕಕ್ಕೆ ಇಷ್ಟು ಬೆಲೆ ಇದೆ!

ಹಾಗೆಂದು ತೂಕವನ್ನು ಬೇಕೆಂದೇ ಕಡಿಮೆ ಬರೆಸುವುದೂ ಜಾಣತನವಲ್ಲ. ಅದು ಸುಳ್ಳು ಎಂಬ ಮಾತು ಒಂದು ಕಡೆ ಇರಲಿ. ಇಂದು ಬರೆಸಿದ ಇಳುವರಿಯೇ ಮುಂದಿನ ವರ್ಷಗಳ ಖಾತರಿ ಇಳುವರಿಗೆ ಆಧಾರವಾಗುತ್ತದೆ. ಮೇಲಿಂದ ಮೇಲೆ ಕಡಿಮೆ ಬರೆಸಿದರೆ ಖಾತರಿ ಇಳುವರಿಯೇ ಕುಸಿದು, ನಿಜವಾದ ಬರ ಬಂದ ವರ್ಷ ಪರಿಹಾರ ಕೈತಪ್ಪುತ್ತದೆ. ಆದ್ದರಿಂದ ನಿಮ್ಮ ಊರಿನ ಪ್ರಯೋಗ ನಡೆಯುವ ದಿನ ತಿಳಿದುಕೊಂಡು ನಾಲ್ಕು ಜನ ಹಾಜರಿರಿ. ಹಗ್ಗ ನೆಟ್ಟಗಿದೆಯೇ, ಗೆರೆಯ ಮೇಲಿನ ಗಿಡಗಳನ್ನು ಸರಿಯಾಗಿ ಎಣಿಸಿದರೇ, ತಕ್ಕಡಿ ಸೊನ್ನೆಗೆ ನಿಂತಿದೆಯೇ, ಕಾಳಿನ ತೇವಕ್ಕೆ ಕಡಿತ ಹಾಕಿದರೇ ಎಂಬುದನ್ನು ನೋಡಿರಿ.

ಮೌಲ್ಯಮಾಪಕರ ಕಣ್ಣು

ಸ್ಥಳೀಯ ವಿಕೋಪ ಮತ್ತು ಕೊಯ್ಲಿನ ನಂತರದ ಹಾನಿಯಲ್ಲಿ ವಿಮಾ ಕಂಪನಿಯ ಮೌಲ್ಯಮಾಪಕರು ಕೃಷಿ ಇಲಾಖೆಯ ಅಧಿಕಾರಿ ಹಾಗೂ ರೈತನ ಸಮಕ್ಷಮದಲ್ಲಿ ಹೊಲ ನೋಡುತ್ತಾರೆ. ಅವರು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾರೆ: ಹಾನಿಗೆ ಕಾರಣವೇನು? ಎಷ್ಟು ಜಾಗದಲ್ಲಿ ಆಗಿದೆ? ಅಷ್ಟು ಜಾಗದಲ್ಲಿ ಇಳುವರಿ ಎಷ್ಟು ಹೋಗುತ್ತದೆ?

*ಕಾರಣ:* ಆಲಿಕಲ್ಲು ಬಿದ್ದ ಮೆಕ್ಕೆಜೋಳದ ಎಲೆಗಳು ಉದ್ದಕ್ಕೆ ಸೀಳಿರುತ್ತವೆ, ದಂಟಿನ ಒಂದೇ ಮಗ್ಗುಲಿಗೆ ಪೆಟ್ಟಿನ ಗುರುತುಗಳಿರುತ್ತವೆ. ಸೈನಿಕ ಹುಳು ತಿಂದ ಎಲೆಗಳಲ್ಲಿ ತೂತುಗಳಿದ್ದು ಸುಳಿಯಲ್ಲಿ ಹಿಕ್ಕೆ ಕಾಣುತ್ತದೆ. ನೀರು ನಿಂತ ಹೊಲದಲ್ಲಿ ದಂಟಿನ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ, ಬೇರು ಕಪ್ಪಾಗಿ ಕೊಳೆತ ವಾಸನೆ ಬರುತ್ತದೆ. ಬರೀ ಸಾರಜನಕದ ಕೊರತೆಯಾದರೆ ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನ ಗುಂಟ ಹಳದಿಯಾಗುತ್ತವೆ, ದಂಟಿನ ಮೇಲೆ ಕೆಸರಿನ ಗುರುತು ಇರುವುದಿಲ್ಲ. ಹುಳುವಿನ ಹಾನಿಯನ್ನು ಆಲಿಕಲ್ಲಿನ ಹಾನಿಯೆಂದು ಹೇಳಿದರೆ ನಿಮ್ಮ ನಿಜವಾದ ಮಾತಿಗೂ ಬೆಲೆ ಹೋಗುತ್ತದೆ.

*ಜಾಗ:* ಇಡೀ ಹೊಲ ಹಾಳಾಯಿತು ಎಂದು ಹೇಳುವ ಬದಲು ಅಳೆದು ಹೇಳಿರಿ. ತಗ್ಗಿನ ಎಷ್ಟು ಗುಂಟೆಯಲ್ಲಿ ನೀರು ನಿಂತಿತು, ಎತ್ತರದ ಎಷ್ಟು ಗುಂಟೆ ಉಳಿಯಿತು ಎಂಬುದನ್ನು ಹೆಜ್ಜೆಯಿಂದಾದರೂ ಅಳೆದಿಡಿ.

*ಪ್ರಮಾಣ:* ಗಿಡಗಳ ಎಣಿಕೆಯನ್ನು ನೀವೇ ಮಾಡಬಹುದು. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಅಂತರದಲ್ಲಿ ಬಿತ್ತಿದ್ದರೆ ಒಂದು ಸಾಲಿನ 16.7 ಮೀಟರ್ ಉದ್ದ 10 ಚದರ ಮೀಟರ್ ಆಗುತ್ತದೆ. ಅಷ್ಟರಲ್ಲಿ ಸುಮಾರು 83 ಗಿಡಗಳಿರಬೇಕು. ಐದಾರು ಕಡೆ ಎಣಿಸಿ ಸರಾಸರಿ 50 ಬಂದರೆ ಶೇಕಡಾ 60ರಷ್ಟು ಗಿಡಗಳು ಉಳಿದಿವೆ ಎಂದಾಯಿತು. ಆದರೆ ಗಿಡಗಳು ಎಷ್ಟು ಹೋದವೋ ಇಳುವರಿಯೂ ಅಷ್ಟೇ ಹೋಯಿತು ಎಂದಲ್ಲ. ಉಳಿದ ಗಿಡಗಳು ಸ್ವಲ್ಪ ಹೆಚ್ಚು ಬೆಳೆದು ಕೊರತೆಯನ್ನು ಭಾಗಶಃ ತುಂಬುತ್ತವೆ. ಬೆಳೆಯ ವಯಸ್ಸೂ ಮುಖ್ಯ. ಮೊಣಕಾಲೆತ್ತರಕ್ಕೆ ಬರುವ ಮೊದಲು ಮೆಕ್ಕೆಜೋಳದ ಬೆಳೆಯುವ ಮೊಗ್ಗು ನೆಲಮಟ್ಟಕ್ಕಿಂತ ಕೆಳಗೇ ಇರುವುದರಿಂದ ಎಲೆ ಹರಿದರೂ ಬೆಳೆ ಚೇತರಿಸಿಕೊಳ್ಳುತ್ತದೆ. ಅದೇ ಗಂಡು ಹೂ ತೆರೆಯುವ ವೇಳೆಗೆ ಎಲೆಗಳೆಲ್ಲ ಹರಿದುಹೋದರೆ ಹೆಚ್ಚುಕಡಿಮೆ ಇಡೀ ಇಳುವರಿ ಹೋದಂತೆಯೇ. ಎಳೆಯ ಬೆಳೆಯನ್ನು ಮರುದಿನವೇ ಹರಗಿಬಿಡುವ ಆತುರ ಬೇಡ ಎನ್ನುವುದು ಇದೇ ಕಾರಣಕ್ಕೆ.

ಪರಿಹಾರದ ಲೆಕ್ಕದಲ್ಲಿ ಅಲ್ಲಿಯವರೆಗೆ ಬೆಳೆಗೆ ಹಾಕಿದ ಖರ್ಚಿನ ಪಾಲನ್ನೂ ಹಿಡಿಯುತ್ತಾರೆ. ಹೆಕ್ಟೇರಿಗೆ 50,000 ರೂ. ವಿಮಾ ಮೊತ್ತವಿದ್ದು, ಹಾನಿಯಾದ ದಿನಕ್ಕೆ ಖರ್ಚಿನ ಶೇಕಡಾ 70 ಆಗಿದ್ದು, ಹಾನಿ ಶೇಕಡಾ 40 ಎಂದು ನಿರ್ಧಾರವಾದರೆ ಒಂದು ಹೆಕ್ಟೇರಿಗೆ 14,000 ರೂ. ಎಂದು ಲೆಕ್ಕ ಹಾಕಬಹುದು.

ನೀವು ಮಾಡಬೇಕಾದದ್ದು

1. ಹಾನಿಯಾದ 72 ಗಂಟೆಗಳೊಳಗೆ ತಿಳಿಸಿರಿ. ಸಹಾಯವಾಣಿ 14447ಕ್ಕೆ, ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬಹುದು. ದೂರು ಸಂಖ್ಯೆ, ದಿನಾಂಕ, ವೇಳೆಯನ್ನು ಬರೆದಿಟ್ಟುಕೊಳ್ಳಿ. ತಿಳಿಸಿದ 48 ಗಂಟೆಗಳಲ್ಲಿ ಮೌಲ್ಯಮಾಪಕರ ನೇಮಕವಾಗಬೇಕು, ಮುಂದಿನ 10 ದಿನಗಳಲ್ಲಿ ಪರೀಕ್ಷೆ ಮುಗಿಯಬೇಕು ಎಂಬುದು ನಿಯಮ.

2. ಸರ್ವೆ ನಂಬರು, ಬೆಳೆ, ಹಾನಿಯಾದ ಗುಂಟೆಗಳು, ಕಾರಣ ಈ ನಾಲ್ಕನ್ನೂ ತಪ್ಪಿಲ್ಲದೆ ಹೇಳಿರಿ.

3. ಹೊಲದ ನಾಲ್ಕೂ ಮೂಲೆಗಳಿಂದ, ದಿನಾಂಕ ಮತ್ತು ಸ್ಥಳ ದಾಖಲಾಗುವಂತೆ ಫೋಟೋ ತೆಗೆದಿಡಿ. ಗುರುತಿಗೆ ಒಂದು ಮರವೋ ಬಾವಿಯೋ ಚಿತ್ರದಲ್ಲಿ ಬರಲಿ.

4. ಪರೀಕ್ಷೆಗೆ ಮುನ್ನ ಹೊಲ ಹರಗಬೇಡಿ, ಬೆಳೆ ಸಾಗಿಸಬೇಡಿ. ಕೊಯ್ದ ಬೆಳೆಯನ್ನು ಹೊಲದಲ್ಲೇ ತಿರುವಿ ಹಾಕಿ ಗಾಳಿಯಾಡಿಸಿ ಉಳಿಸಿಕೊಳ್ಳಿ. ತೇವದ ತೆನೆಯನ್ನು ರಾಶಿ ಮಾಡುವುದು ಬೇಸಾಯದ ದೃಷ್ಟಿಯಿಂದಲೂ ಕೇಡು. ಸಾಗಿಸಲೇಬೇಕಾದ ಸಂದರ್ಭ ಬಂದರೆ ಮೊದಲು ಕೃಷಿ ಅಧಿಕಾರಿಗೆ ತಿಳಿಸಿ, ಅವರ ಸಲಹೆಯನ್ನು ಬರೆದುಕೊಂಡು ನಂತರ ಕೈಹಾಕಿರಿ.

5. ವಿಮೆಯ ಅರ್ಜಿಯಲ್ಲಿರುವ ಬೆಳೆ, ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ಹೊಲದಲ್ಲಿರುವ ಬೆಳೆ ಮೂರೂ ಒಂದೇ ಆಗಿರಬೇಕು. ಶೇಂಗಾ ಎಂದು ವಿಮೆ ಮಾಡಿಸಿ ಮೆಕ್ಕೆಜೋಳ ಬಿತ್ತಿದರೆ ಅರ್ಜಿ ತಿರಸ್ಕಾರವಾಗುತ್ತದೆ. ಬೆಳೆ ಬದಲಾಯಿಸಿದರೆ ನೋಂದಣಿಯ ಕೊನೆಯ ದಿನಕ್ಕೆ ಮೊದಲೇ ಬ್ಯಾಂಕಿಗೆ ತಿಳಿಸಿರಿ.

6. ಮೌಲ್ಯಮಾಪಕರು ಬರೆದ ವರದಿಯನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಒಪ್ಪಿಗೆ ಇಲ್ಲದಿದ್ದರೆ ಅದನ್ನು ವರದಿಯಲ್ಲೇ ಬರೆಸಿರಿ. ನಂತರ ಜಿಲ್ಲಾ ಮಟ್ಟದ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಲು ಅವಕಾಶವಿದೆ.

ಕೊನೆಯ ಮಾತು

ಮೌಲ್ಯಮಾಪಕರು ನಮ್ಮ ಹಗೆಯೂ ಅಲ್ಲ, ನೆಂಟರೂ ಅಲ್ಲ. ಅವರು ಹೊಲವನ್ನು ಓದಲು ಬಂದವರು. ಓದಲು ಹೊಲದಲ್ಲಿ ಬೆಳೆ ಇರಬೇಕು, ದಾಖಲೆ ಇರಬೇಕು, ರೈತ ಎದುರಿಗಿರಬೇಕು.

ಮಾಗಳದ ಆ ತಮ್ಮ ಮರುವರ್ಷವೂ ವಿಮೆ ಮಾಡಿಸಿದ. ಕೊಯ್ಲಿನ ಹೊತ್ತಿಗೆ ನಾನು ಹೋದಾಗ ಅವನ ಮನೆಯ ಕಂಬಕ್ಕೆ ಒಂದು ರಟ್ಟು ತೂಗುಹಾಕಿತ್ತು. ಸರ್ವೆ ನಂಬರು, ಅರ್ಜಿ ಸಂಖ್ಯೆ, ಕೊಯ್ದ ದಿನಾಂಕ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 14447. "ಈ ಸಲ ಮಳಿ ಬಂದ್ರ ಮೊದ್ಲ ಫೋನು, ಆಮ್ಯಾಲೆ ಆಳು" ಎಂದ. ಪುಣ್ಯಕ್ಕೆ ಆ ವರ್ಷ ಮಳೆ ಬರಲಿಲ್ಲ, ರಟ್ಟಿನ ಕೆಲಸವೂ ಬೀಳಲಿಲ್ಲ. ನಿಮ್ಮ ಮನೆಯ ಕಂಬಕ್ಕೂ ಅಂಥದೊಂದು ರಟ್ಟು ಇಂದೇ ತೂಗುಹಾಕಿರಿ. ಅದರ ಕೆಲಸ ಎಂದೂ ಬೀಳದಿರಲಿ ಎಂಬುದೇ ನಮ್ಮ ಹಾರೈಕೆ.